ಗಂಜಿನ ಗದ್ದಲದ ನಡುವೆ ಹನ್ನೆರಡು ವಾರ: ಒಬ್ಬ ಅಡತ್ ವ್ಯಾಪಾರಿಯ ಪ್ರಕರಣ

ಕಲಬುರಗಿಯ ಕಾಳುಕಡಿಯ ಪೇಟೆ ನೆಹರೂ ಗಂಜಿನಲ್ಲಿ ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಧಂಧೆ. ಮಾಲೀಕರಿಗೆ 54 ವರ್ಷ. ಮನೆ ಬ್ರಹ್ಮಪುರದ ಕಡೆ. ಮನೆಯಲ್ಲಿ 78ರ ತಾಯಿ ಮತ್ತು ಹೆಂಡತಿ. ಮಗ ಪುಣೆಯಲ್ಲಿ ನೌಕರಿಗಿದ್ದಾನೆ. ಅಂಗಡಿಗೆ ಲೆಕ್ಕ ಬರೆಯುವ ಒಬ್ಬ ಮುನೀಮ, ಸುಗ್ಗಿಯಲ್ಲಿ ಆರೇಳು ಹಮಾಲರು. ಹೆಸರು ಇಲ್ಲಿ ಬೇಕಿಲ್ಲ, ಗಂಜಿನವರು ಕರೆಯುವ ಹಾಗೆ ಸಾವ್ಕಾರ್ರು ಅಂದರೆ ಸಾಕು. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಲಾಗಿದೆ.

ದೂರು ಅವರ ಮಾತಿನಲ್ಲೇ ಹೀಗಿತ್ತು: "ತಲಿ ಬಂದೇ ಆಗವಲ್ದುರಿ. ಮಕ್ಕೊಂಡ್ರೂ ಅಂಗಡ್ಯಾಗೇ ಇರ್ತೀನಿ."

ಈ ಧಂಧೆಯ ಸ್ವಭಾವ ಗೊತ್ತಿಲ್ಲದೆ ಈ ಮಾತು ಅರ್ಥವಾಗುವುದಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ, ಹೆಸರು ದೊಡ್ಡದು. ಆದರೆ ಅಡತಿಯ ಪಾಲಿಗೆ ತೊಗರಿ ಎಂದರೆ ಡಿಸೆಂಬರ್‌ನಿಂದ ಫೆಬ್ರುವರಿ ತನಕದ ಓಟ. ಮಾಲು ತಂದ ರೈತ ದುಡ್ಡಿಗಾಗಿ ಎದುರಿಗೇ ನಿಂತಿರುತ್ತಾನೆ. ಖರೀದಿ ಮಾಡಿದ ದಾಲ್ ಮಿಲ್ಲಿನವರ ದುಡ್ಡು ಬರುವುದು ಮಾತ್ರ ವಾರಗಳ ಮೇಲೆ. ಆ ನಡುವಿನ ಖಾಲಿಯನ್ನು ಅಡತಿ ತನ್ನ ಕಿಸೆಯಿಂದ, ಬ್ಯಾಂಕಿನಿಂದ, ಕೆಲವೊಮ್ಮೆ ಬರೀ ಮಾತಿನಿಂದ ತುಂಬಬೇಕು. ಜೊತೆಗೆ ಲಾತೂರಿನ ದರ, ಅಕೋಲಾದ ದರ, ರಂಗೂನಿನಿಂದ ತೊಗರಿಯ ಹಡಗು ಹೊರಟಿದೆಯಂತೆ ಎಂಬ ಸುದ್ದಿ. ಹಿಂದೆ ಇವೆಲ್ಲ ಗಂಜಿನೊಳಗೇ ಸಿಕ್ಕು ಗಂಜಿನೊಳಗೇ ಉಳಿಯುತ್ತಿದ್ದವು. ಈಗ ದಿಂಬಿನ ಕೆಳಗೆ ಬಂದು ಮಲಗುತ್ತವೆ.

ಏಳು ದಿನದ ಚೀಟಿ

ಏನನ್ನೂ ಬದಲಿಸುವ ಮೊದಲು ಏಳು ದಿನ ಬರೀ ಬರೆದಿಡುವುದು. ಕಿಸೆಯಲ್ಲಿ ಹಿಡಿಯುವ ಸಣ್ಣ ವಹಿ, ದಿನಕ್ಕೊಂದು ಪುಟ, ಐದು ಸಾಲು: ಎಷ್ಟು ಚಾ ಮತ್ತು ಕೊನೆಯದು ಯಾವಾಗ, ಫೋನು ಎಷ್ಟು ಸಲ ತೆರೆದದ್ದು, ಮಲಗಿದ್ದು ಮತ್ತು ಎದ್ದದ್ದು, ಎಲ್ಲಿ ಹೇಗೆ ಉಂಡದ್ದು, ಯಾರ ಮೇಲೆ ದನಿ ಏರಿದ್ದು. ಫೋನಿನ ಲೆಕ್ಕವನ್ನು ತಾನೇ ಎಣಿಸಬೇಕಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್ ಅದನ್ನು ಇಟ್ಟಿರುತ್ತದೆ.

ಸಿಕ್ಕ ಲೆಕ್ಕ: ದಿನಕ್ಕೆ ಸರಾಸರಿ 9 ಚಾ, ಕೊನೆಯದು ರಾತ್ರಿ ಒಂಬತ್ತೂವರೆಗೆ. ಫೋನು ತೆರೆದದ್ದು ದಿನಕ್ಕೆ 140ರ ಆಸುಪಾಸು. ವಾಟ್ಸಾಪ್ ಗುಂಪುಗಳು 34, ಅದರಲ್ಲಿ 11 ಬರೀ ದರದವು, ಅವೂ ಬಹುಪಾಲು ಒಂದೇ ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಂಥವು. ನಿದ್ದೆ ನಾಲ್ಕೂವರೆ ತಾಸು. ಮೂರೂವರೆಗೆ ಎಚ್ಚರ, ಎಚ್ಚರವಾದ ಕೂಡಲೆ ಫೋನು. ಮುನೀಮನ ಮೇಲೆ ದನಿ ಏರಿದ್ದು ವಾರದಲ್ಲಿ ಐದು ಸಲ, ಐದೂ ಮಧ್ಯಾಹ್ನ ಎರಡರಿಂದ ಮೂರರ ಒಳಗೆ, ಅಂದರೆ ಉಣ್ಣುವ ಮೊದಲು. ಬರೆಯದಿದ್ದರೆ ಈ ಕೊನೆಯ ಸಂಗತಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರಕ್ತದೊತ್ತಡಕ್ಕೆ ಮೊದಲಿಂದ ಒಂದು ಗುಳಿಗೆ ನಡೆದಿತ್ತು. ಮನೆಯಲ್ಲಿ ಅಳೆದಾಗ 152/94.

ಜನವರಿಯ ಸೋಲು

ಇದಕ್ಕೂ ಮೊದಲು ಒಂದು ಪ್ರಯತ್ನ ಆಗಿ ಕೆಟ್ಟಿತ್ತು. ಅದು ಹೇಗೆ ಕೆಟ್ಟಿತು ಎಂಬುದೇ ಈ ಪ್ರಕರಣದ ಅರ್ಧ ಪಾಠ. ಜನವರಿ ಒಂದರಂದು ಶುರು. ಬೆಳಗಿನ ನಾಲ್ಕೂವರೆಗೆ ಏಳುವುದು, ಒಂದು ತಾಸು ಧ್ಯಾನ, ರಾತ್ರಿ ಊಟ ಬಿಟ್ಟು ಹಣ್ಣು, ಸಂಜೆ ಎಂಟಕ್ಕೆ ಫೋನು ಬಂದ್, ಚಾ ಪೂರ್ತಿ ಬಂದ್. ಐದೂ ಒಂದೇ ದಿನ, ಅದೂ ಗಂಜಿಗೆ ಮಾಲು ಬಂದು ಬೀಳುವ ಆವಕದ ತುರುಸಿನಲ್ಲಿ.

ಎರಡನೇ ದಿನಕ್ಕೆ ತಲೆನೋವು. ಒಂಬತ್ತು ಕಪ್ ಚಾ ಒಮ್ಮೆಲೇ ಬಿಟ್ಟವರಿಗೆ ಅದು ಬರುವುದು ಸಾಮಾನ್ಯ. ಮಲಗುವುದು ಹನ್ನೆರಡಕ್ಕೇ ಉಳಿದು ಏಳುವುದು ನಾಲ್ಕೂವರೆಗೆ ಬಂದಿದ್ದರಿಂದ, ಇದ್ದ ನಿದ್ದೆಯಲ್ಲೇ ಇನ್ನಷ್ಟು ಕಡಿತ. ಧ್ಯಾನವನ್ನು ಹೇಳಿಕೊಡುತ್ತಿದ್ದದ್ದು ಫೋನಿನ ವಿಡಿಯೋ. ಕಣ್ಣು ಮುಚ್ಚುವ ಮೊದಲು ಮೂರು ದರದ ಸಂದೇಶ ಕಣ್ಣಿಗೆ ಬಿದ್ದಿರುತ್ತಿದ್ದವು. ಉಸಿರಿನ ಮೇಲೆ ಗಮನ ಇಟ್ಟರೆ ಎದೆ ಬಿಗಿದ ಹಾಗಾಗುತ್ತಿತ್ತು, ಆದರೂ ಹಟದಿಂದ ಕೂತರು. ಒಂಬತ್ತನೇ ರಾತ್ರಿ ಲಾರಿಯೊಂದು ಕಾಗದಪತ್ರದ ಕಾರಣಕ್ಕೆ ನಡುದಾರಿಯಲ್ಲಿ ನಿಂತಿತು. ಮುನೀಮ ಏಳು ಸಲ ಫೋನು ಮಾಡಿದ, ಇವರ ಫೋನು ಬಂದ್. ಮರುದಿನ ಐದೂ ನೇಮ ಒಟ್ಟಿಗೆ ಬಿದ್ದುಹೋದವು, ಒಂಬತ್ತು ಚಾ ವಾಪಸ್ ಬಂದವು.

ಶಾಂತಿ ಹುಡುಕಿ ಹೊರಟವರಲ್ಲಿ ಬಹಳ ಜನ ಇಲ್ಲೇ ಮುಗ್ಗರಿಸುತ್ತಾರೆ, ಆಮೇಲೆ ತಪ್ಪನ್ನು ತಮ್ಮ ಮನಸ್ಸಿನ ಮೇಲೆ ಹಾಕಿಕೊಳ್ಳುತ್ತಾರೆ. ಇಲ್ಲಿ ಮನಸ್ಸಿನ ದೌರ್ಬಲ್ಯ ಏನೂ ಇರಲಿಲ್ಲ. ತುಂಬಿದ ಗಾಡಿಯ ಮೇಲೆ ಇನ್ನೂ ಐದು ಚೀಲ ಹೇರಿದ್ದರು. ಶಾಂತಿಗಾಗಿ ಹೊಸದೊಂದನ್ನು ಸೇರಿಸುವ ಮೊದಲು ಇರುವುದರಲ್ಲಿ ಏನನ್ನಾದರೂ ಇಳಿಸಬೇಕು. ಮಾರ್ಚ್ ಮೊದಲ ವಾರ, ಆವಕ ತಗ್ಗಿದ ಮೇಲೆ, ಎರಡನೇ ಪ್ರಯತ್ನ ಇಳಿಸುವ ಕಡೆಯಿಂದ ಶುರುವಾಯಿತು.

ಬಾಗಿಲು ಕಡಿಮೆ ಮಾಡುವುದು

ಮೊದಲ ಎರಡು ವಾರ ಫೋನಿನ ಕೆಲಸ ಮಾತ್ರ. ಧ್ಯಾನದ ಮಾತೇ ಇಲ್ಲ.

34 ಗುಂಪುಗಳಲ್ಲಿ 4 ಉಳಿದವು: ಮನೆಯದು, ಅಂಗಡಿಯದು, ಗಂಜಿನ ವ್ಯಾಪಾರಿಗಳದು, ದರದ್ದು ಒಂದೇ ಒಂದು. ಉಳಿದ 30ಕ್ಕೆ ಸದ್ದು ಪೂರ್ತಿ ಬಂದ್ ಮಾಡಿ ಆರ್ಕೈವ್‌ಗೆ ಹಾಕಿದ್ದು. ಗುಂಪು ಬಿಡಲಿಲ್ಲ. ಬಿಟ್ಟರೆ "ಸಾವ್ಕಾರ್ರು ಗ್ರೂಪ್ ಯಾಕ ಬಿಟ್ರು, ಏನರೆ ಮನಸ್ತಾಪ ಆಗ್ಯಾದೇನು" ಎಂದು ಇಡೀ ಗಂಜು ಕೇಳುತ್ತದೆ, ಆ ಸಮಜಾಯಿಷಿ ಕೊಡುವುದೇ ಹೊಸ ತಲೆನೋವು. ಆರ್ಕೈವ್ ಆದದ್ದು ಯಾರಿಗೂ ತಿಳಿಯುವುದಿಲ್ಲ.

ದರ ನೋಡುವುದು ದಿನಕ್ಕೆ ಮೂರು ಸಲ: ಹತ್ತೂವರೆ, ಎರಡು, ಸಂಜೆ ಆರೂವರೆ. ಈ ಮೂರು ಹೊತ್ತನ್ನು ಆರಿಸಿದ್ದು ಹೀಗೇ ಸುಮ್ಮನೆ ಅಲ್ಲ. ದರ ತಿಳಿದು ಏನಾದರೂ ಮಾಡಲು ಸಾಧ್ಯವಿರುವ ಹೊತ್ತು ಅವು. ರಾತ್ರಿ ಹನ್ನೊಂದಕ್ಕೆ ಗೊತ್ತಾದ ದರದಿಂದ ಮಾಡುವಂಥದ್ದು ಏನೂ ಇರುವುದಿಲ್ಲ, ಹೊರಳಾಡುವುದು ಬಿಟ್ಟರೆ.

ಲಾರಿಯ ಗೊಂದಲ ಮತ್ತೆ ಆಗಬಾರದಲ್ಲ. ಅದಕ್ಕೆ ಮನೆಯಲ್ಲಿ ಬಿದ್ದಿದ್ದ ಹಳೆಯ ಬಟನ್ ಫೋನಿಗೆ ಹೊಸ ಸಿಮ್ ಹಾಕಿದ್ದಾಯಿತು. ಆ ನಂಬರು ಮುನೀಮ, ಹೆಂಡತಿ, ಮಗ, ತಂಗಿ, ಈ ನಾಲ್ವರಿಗೆ ಮಾತ್ರ ಗೊತ್ತು. ಮಲಗುವ ಕೋಣೆಯಲ್ಲಿ ಅದೊಂದೇ ಇರುತ್ತದೆ. ಸ್ಮಾರ್ಟ್‌ಫೋನು ರಾತ್ರಿ ಎಂಟರಿಂದ ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಚಾರ್ಜಿಗೆ. ಏಳುವುದಕ್ಕೆ ಗಂಟೆ ಹೊಡೆಯುವ ಅಲಾರಾಂ ಗಡಿಯಾರ, ಮುಖ ಗೋಡೆಯ ಕಡೆಗೆ ತಿರುಗಿಸಿ. ಅರ್ಜೆಂಟ್ ಫೋನಿಗೆ ಬೇರೆ ದಾರಿ ಮಾಡದೆ ಸ್ಮಾರ್ಟ್‌ಫೋನು ದೂರ ಇಟ್ಟರೆ ಮನಸ್ಸು ಅಡುಗೆಮನೆಯಲ್ಲೇ ಕೂತಿರುತ್ತದೆ. ಜನವರಿಯಲ್ಲಿ ಆದದ್ದೇ ಅದು.

ಮೂರನೇ ದಿನವೇ ಒಂದು ಕಳ್ಳದಾರಿ ಹೊರಬಿತ್ತು. ರಾತ್ರಿ ಒಂಬತ್ತಕ್ಕೆ ಹೆಂಡತಿಯ ಫೋನಿನಲ್ಲಿ ದರ ನೋಡುತ್ತ ಕೂತಿದ್ದರು. "ನನ್ನ ಫೋನ್ ಯಾಕ ತಗೊಂಡೀರಿ? ನಿಮ್ ದರ ಎಲ್ಲಿಗಿ ಹೋಗ್ತದ, ನಾಳಿನೂ ಇರ್ತದ" ಎಂದು ಅವರು ಕಸಿದುಕೊಂಡರು. ಇದನ್ನೂ ವಹಿಯಲ್ಲಿ ಬರೆದದ್ದಾಯಿತು, ಬೈಯಲಿಲ್ಲ. ಮೊದಲ ವಾರ ಅಂಥದ್ದು ನಾಲ್ಕು ಸಲ, ಎರಡನೇ ವಾರ ಒಂದು ಸಲ.

ಉದ್ರಿಯ ಒಂದು ಹಾಳೆ

ಮೂರನೇ ವಾರದಲ್ಲಿ ಗೊತ್ತಾದದ್ದು: ಈಗ ದರ ನೋಡುವುದು ತಪ್ಪಿದರೂ ಮೂರೂವರೆಯ ಎಚ್ಚರ ತಪ್ಪಿಲ್ಲ. ಎಚ್ಚರವಾದಾಗ ತಲೆಯಲ್ಲಿ ಓಡುವುದು ದರವಲ್ಲ, ಹೆಸರುಗಳು. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು. ಅಂಗಡಿಯ ಖಾತೆ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇತ್ತು. ಆದರೆ ಬಾಯಿಮಾತಿನ ಕೈಗಡ, ಬಿತ್ತನೆಗೆಂದು ರೈತರಿಗೆ ಕೊಟ್ಟ ಮುಂಗಡ, "ಹಬ್ಬ ಆದ ಮ್ಯಾಲ ಕೊಡ್ತೀನಿ" ಎಂದವರ ಲೆಕ್ಕ, ಇವೆಲ್ಲ ಇದ್ದದ್ದು ತಲೆಯಲ್ಲಿ. ತಲೆಯಲ್ಲಿಟ್ಟ ಖಾತೆಯನ್ನು ಮನಸ್ಸು ದಿನಾ ರಾತ್ರಿ ತಿರುವಿ ನೋಡಲೇಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ. ಆ ಎಚ್ಚರ ರೋಗವೇ ಅಲ್ಲ, ಮುನೀಮಗಿರಿ.

ಒಂದು ಭಾನುವಾರ ಮಧ್ಯಾಹ್ನ ಒಂದೂವರೆ ತಾಸು ಕೂತು ಒಂದೇ ಹಾಳೆಯ ಮೇಲೆ ಎಲ್ಲ ಹೆಸರು ಬರೆದರು. 23 ಹೆಸರು. ನಾಲ್ಕು ಅಂಕಣ: ಹೆಸರು, ಮೊತ್ತ, ಹೇಳಿದ ದಿನ, ಮುಂದಿನ ಹೆಜ್ಜೆ. ಈ ನಾಲ್ಕನೆಯ ಅಂಕಣವೇ ಮುಖ್ಯ. ಅಲ್ಲಿ "ವಸೂಲಿ ಮಾಡುವುದು" ಎಂದು ಬರೆದರೆ ಏನೂ ಬರೆದಂತಲ್ಲ. "ಬುಧವಾರ ಹನ್ನೊಂದಕ್ಕೆ ಫೋನು" ಎಂದು ಬರೆಯಬೇಕು. ಬರೆದು ಕೂಡಿಸಿದಾಗ ತಿಳಿದದ್ದು, ಮೂರನೇ ಎರಡು ಪಾಲು ಮೊತ್ತ ಬರೀ ನಾಲ್ಕು ಹೆಸರುಗಳಲ್ಲಿದೆ. ಐದು ಹೆಸರುಗಳ ಮುಂದೆ ಅವರೇ, ಯಾರೂ ಹೇಳದೆ, "ಬಿಟ್ಟಿದ್ದು" ಎಂದು ಬರೆದರು. ಅವು ಸಣ್ಣ ಮೊತ್ತಗಳು, ಆದರೆ ರಾತ್ರಿ ಹೆಚ್ಚು ಕಾಡುತ್ತಿದ್ದದ್ದು ಅವೇ.

ಇಲ್ಲೊಂದು ಹಳೆಯ ಕತೆ ನೆನಪಾಗುತ್ತದೆ, ಕಲಬುರಗಿಯಿಂದ ನೂರು ಕಿಲೋಮೀಟರಿನ ಒಳಗಿರುವ ಬಸವಕಲ್ಯಾಣದ್ದು. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ, ದಿನದ ಪಾಡಿಗೆ ಬೇಕಾದ್ದಕ್ಕಿಂತ ಮಿಕ್ಕಿದ್ದನ್ನು ಇದ್ದಲ್ಲೇ ಸುರಿದು ಬರಲು ಕಳಿಸಿದಳು ಎಂದು ಶರಣ ಪರಂಪರೆ ಹೇಳುತ್ತದೆ. ಗಂಜಿನಲ್ಲಿ ಚೀಲದಿಂದ ಚೆಲ್ಲಿದ ಕಾಳನ್ನು ಸಂಜೆ ಗುಡಿಸಿ ಆಯುವ ಹೆಣ್ಣುಮಕ್ಕಳನ್ನು ದಿನಾ ನೋಡುವವರಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ. ಲಕ್ಕಮ್ಮನಿಗೆ ಅಂದಿನ ಅಳತೆ ಎಷ್ಟೆಂದು ಗೊತ್ತಿತ್ತು, ಅದಕ್ಕೇ ಮಿಕ್ಕಿದ್ದು ಯಾವುದೆಂದೂ ಗೊತ್ತಾಯಿತು. ಸಾವ್ಕಾರ್ರಿಗೆ ಆ ಅಳತೆಯೇ ಇರಲಿಲ್ಲ. ಹಾಳೆ ಅದನ್ನು ಕೊಟ್ಟಿತು.

ಹಾಳೆಯ ಜೊತೆಗೆ ಸಂಜೆ ಏಳೂಕಾಲಕ್ಕೆ ಹತ್ತು ನಿಮಿಷದ ಚೀಟಿ: ಎಡಕ್ಕೆ ಚಿಂತೆ, ಬಲಕ್ಕೆ ನಾಳೆಯ ಹೆಜ್ಜೆ. ಹೆಜ್ಜೆ ಇಲ್ಲದ ಚಿಂತೆಗೆ, ಉದಾಹರಣೆಗೆ ಮಳೆ, ಬಲಕ್ಕೆ ಒಂದು ಗೆರೆ. ಹಾಸಿಗೆಯ ಮೇಲೆ ಕೂತು ಇದನ್ನು ಬರೆಯಬಾರದು. ಹಾಸಿಗೆ ಚಿಂತೆಯ ಗಾದಿ ಆಗಿಬಿಡುತ್ತದೆ. ಎರಡು ವಾರದಲ್ಲಿ ಮೂರೂವರೆಯ ಎಚ್ಚರ ವಾರಕ್ಕೆ ಏಳರಿಂದ ಮೂರಕ್ಕೆ ಇಳಿಯಿತು. ಇಡೀ ಹನ್ನೆರಡು ವಾರದಲ್ಲಿ ಇಷ್ಟು ಪರಿಣಾಮ ಬೇರೆ ಯಾವುದರಿಂದಲೂ ಆಗಲಿಲ್ಲ. ಧ್ಯಾನದ ಪ್ರಚಾರಕರಿಗೆ ಇದು ರುಚಿಸಲಿಕ್ಕಿಲ್ಲ.

ಚಾ ಮತ್ತು ನಿದ್ದೆ

ಚಾದಲ್ಲಿರುವ ಕೆಫೀನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಒಂಬತ್ತೂವರೆಯ ಚಾದ ಅರ್ಧ ಪಾಲು ರಾತ್ರಿ ಎರಡೂವರೆಗೂ ಮೈಯಲ್ಲೇ ಇದ್ದಂತಾಯಿತು. ಹಾಗಾಗಿ ಮೊದಲು ಕತ್ತರಿಸಿದ್ದು ರಾತ್ರಿಯದನ್ನು, ಆಮೇಲೆ ಸಂಜೆಯದನ್ನು, ಮೂರು ದಿನಕ್ಕೊಂದು ಕಪ್‌ನಂತೆ. ಎರಡು ವಾರದಲ್ಲಿ 9ರಿಂದ 4ಕ್ಕೆ, ಕೊನೆಯದು ಮಧ್ಯಾಹ್ನ ನಾಲ್ಕಕ್ಕೆ. ತಲೆನೋವು ಬರಲಿಲ್ಲ. ಗಂಜಿನಲ್ಲಿ ಕೊಟ್ಟ ಚಾ ಬೇಡ ಅಂದರೆ ಕೊಟ್ಟವರಿಗೆ ಬೇಜಾರು, ಅದೊಂದು ಖರೇ ತೊಡಕು. ಎದುರಿನ ಹೋಟೆಲಿನ ಹುಡುಗನಿಗೆ ಹೇಳಿಟ್ಟರು: ಸಾವ್ಕಾರ್ರ ಕಪ್ಪಿನಲ್ಲಿ ನಾಲ್ಕರ ಮೇಲೆ ಬರೀ ಹಾಲು. ಕೈಯಲ್ಲಿ ಕಪ್ ಇದ್ದರೆ ಒಳಗೇನಿದೆ ಎಂದು ಯಾರೂ ಇಣುಕುವುದಿಲ್ಲ.

ನಿದ್ದೆಗೆ ಮೂರೇ ನಿಯಮ. ಏಳುವುದು ದಿನಾ 5.45ಕ್ಕೆ, ರಾತ್ರಿ ಎಷ್ಟೇ ಕೆಟ್ಟಿದ್ದರೂ. ಹಾಸಿಗೆಗೆ ಹೋಗುವುದು ಕಣ್ಣು ಎಳೆದಾಗ ಮಾತ್ರ. ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂಡುವುದು, ತೂಕಡಿಕೆ ಬಂದ ಮೇಲೆ ವಾಪಸ್. ಇಪ್ಪತ್ತು ನಿಮಿಷವನ್ನು ಗಡಿಯಾರದಿಂದಲ್ಲ, ಅಂದಾಜಿನಿಂದ ಅಳೆಯಬೇಕು. ಗಡಿಯಾರ ನೋಡಿದರೆ "ಇನ್ನ ಎರಡೇ ತಾಸು ಉಳೀತು" ಎಂಬ ಲೆಕ್ಕ ಶುರು. ಮೊದಲ ವಾರ ಹಗಲು ತೂಕಡಿಕೆ ಹೆಚ್ಚಾಯಿತು, ಅದು ನಿರೀಕ್ಷಿತ. ಆ ವಾರ ಅವರು ಬೈಕ್ ಮುಟ್ಟಲಿಲ್ಲ, ಆಟೋದಲ್ಲಿ ಓಡಾಡಿದರು.

ಏಪ್ರಿಲ್ ಕೊನೆಗೆ ಬಿಸಿಲು 42 ಡಿಗ್ರಿ ದಾಟಿದಾಗ ಎಲ್ಲ ಮತ್ತೆ ಏರುಪೇರು. ಕಾಂಕ್ರೀಟ್ ಛತ್ತಿನ ಕೋಣೆ ನಡುರಾತ್ರಿವರೆಗೂ ಕಾವು ಬಿಡುತ್ತದೆ. ಉಪಾಯ ಹಳೆಯದೇ: ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಅಲ್ಲೇ ಚಾಪೆ, ಸೊಳ್ಳೆಪರದೆ. ಅಂಥ ರಾತ್ರಿಗಳಲ್ಲಿ ನಿದ್ದೆ ಕೆಟ್ಟರೆ ಮನಸ್ಸಿನಲ್ಲಿ ಕಾರಣ ಹುಡುಕಬೇಕಾಗಿಲ್ಲ.

ಫರ್ಸಿ, ಉಸಿರು, ಲಿಂಗ, ರೊಟ್ಟಿ

ಆರನೇ ವಾರಕ್ಕೆ ಮಾತ್ರ ಗಮನದ ಅಭ್ಯಾಸ ಬಂತು. ಅಷ್ಟರಲ್ಲಿ ಅದಕ್ಕೆ ಜಾಗ ಆಗಿತ್ತು.

ಜನವರಿಯಲ್ಲಿ ಎದೆ ಬಿಗಿದದ್ದನ್ನು ನೆನಪಿಟ್ಟು ಮೊದಲು ಉಸಿರನ್ನು ಬಿಟ್ಟೇಬಿಟ್ಟದ್ದಾಯಿತು. ಕಳವಳದ ಸ್ವಭಾವದವರಿಗೆ ಉಸಿರನ್ನು ಗಮನಿಸುವುದೇ ಉಸಿರು ಕಟ್ಟಿದ ಹಾಗೆ ಮಾಡಬಲ್ಲದು. ಅಂಥವರು ಗಮನವನ್ನು ಎದೆಯಿಂದ ದೂರ, ಅಂಗೈಗೋ ಅಂಗಾಲಿಗೋ ಇಳಿಸಬೇಕು. ಅಂಗಡಿಯ ನೆಲ ಶಹಾಬಾದಿನ ಫರ್ಸಿ, ಬಿಸಿಲಿನಲ್ಲೂ ತಣ್ಣಗಿರುವ ಬೂದುಕಲ್ಲು. ಗಾದಿಯಿಂದ ಎದ್ದಾಗಲೆಲ್ಲ ಚಪ್ಪಲಿ ಮೆಟ್ಟುವ ಮೊದಲು ಬರಿಗಾಲನ್ನು ಫರ್ಸಿಯ ಮೇಲೆ ಊರಿ ನಿಲ್ಲುವುದು. ಹಿಮ್ಮಡಿಯ ಭಾರ, ಬೆರಳ ಬುಡದ ತಂಪು, ಎರಡು ಕಲ್ಲುಗಳ ನಡುವಿನ ಸಂದಿನ ಗೆರೆ, ಇಷ್ಟನ್ನು ಕಾಲಿನಿಂದ ಗುರುತಿಸುವುದು. ಹತ್ತು ಎಣಿಸುವಷ್ಟು ಹೊತ್ತು, ದಿನಕ್ಕೆ ಎಂಟು ಹತ್ತು ಸಲ ತಾನಾಗಿ ಆಗುತ್ತಿತ್ತು, ಏಕೆಂದರೆ ಏಳುವುದಂತೂ ಇದ್ದೇ ಇರುತ್ತದೆ. ಇದಕ್ಕೆ ಬೇರೆ ಹೊತ್ತು ಹೊಂದಿಸಬೇಕಿಲ್ಲ.

ಎರಡು ವಾರದ ಮೇಲೆ ಉಸಿರು ಸೇರಿತು: ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು. ಹೊರ ಉಸಿರಿನ ಹೊತ್ತಿನಲ್ಲಿ ವೇಗಸ್ ನರದ ಮೂಲಕ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಹೊರ ಉಸಿರು ಉದ್ದ ಇರಬೇಕೆನ್ನುವುದು ಅದಕ್ಕೇ. ತಲೆ ಸುತ್ತಿದರೆ ಉಸಿರು ಅತಿ ಆಳವಾಗಿದೆ ಎಂದರ್ಥ: ಎಂದಿನಷ್ಟೇ ತುಂಬಿಕೊಂಡು, ಬಿಡುವುದನ್ನಷ್ಟೇ ನಿಧಾನ ಮಾಡಬೇಕು. ಐದು ಸುತ್ತು ಸಾಕು, ಮುನೀಮನನ್ನು ಕರೆಯುವ ಮೊದಲು.

ಬೆಳಗಿನ ಲಿಂಗಪೂಜೆ ಮನೆಯಲ್ಲಿ ಮೊದಲಿಂದಲೂ ಇತ್ತು, ಆದರೆ ಮೂರು ನಿಮಿಷಕ್ಕೆ ಇಳಿದಿತ್ತು, ಪಕ್ಕದಲ್ಲಿ ಫೋನು. ಹೊಸ ಧ್ಯಾನ ಕಲಿಯುವ ಬದಲು ಇದನ್ನೇ ಹನ್ನೆರಡು ನಿಮಿಷಕ್ಕೆ ಏರಿಸಿದ್ದು. ಎಡ ಅಂಗೈಯಲ್ಲಿ ಇಷ್ಟಲಿಂಗ, ದೃಷ್ಟಿ ಅದರ ಮೇಲೆ. ಎರಡು ತೊಂದರೆ ಕಂಡವು. ಮೊಣಕೈ ಗಾಳಿಯಲ್ಲಿದ್ದುದರಿಂದ ನಾಲ್ಕೇ ನಿಮಿಷಕ್ಕೆ ಕೈ ನಡುಗುತ್ತಿತ್ತು. ತೊಡೆಯ ಮೇಲೆ ಮಡಚಿದ ರಗ್ಗು ಇಟ್ಟು ಅದರ ಮೇಲೆ ಮೊಣಕೈ ಊರಿದಾಗ ನಿಂತಿತು. ರೆಪ್ಪೆ ಬಡಿಯಲೇಬಾರದು ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಬಡಿಯಬೇಕೆನಿಸಿದಾಗ ಬಡಿಯಬಹುದು, ಕಣ್ಣಿನ ಕಾಯಿಲೆ ಇದ್ದವರಂತೂ ಹಟ ಮಾಡಲೇಬಾರದು. ಮನಸ್ಸು ಗಂಜಿಗೆ ಹೋಗುತ್ತದೆ. ಹೋದದ್ದು ಗೊತ್ತಾದಾಗ ಕಣ್ಣನ್ನು ಲಿಂಗದ ಮೇಲಿನ ಕಪ್ಪು ಲೇಪದ, ಅಂದರೆ ಕಂಥಿಯ, ಹೊಳಪಿಗೆ ತರುವುದು. ಹನ್ನೆರಡು ನಿಮಿಷದಲ್ಲಿ ನಲವತ್ತು ಸಲ ಹೋದರೆ ನಲವತ್ತು ಸಲ ತರುವುದು, ಆ ತರುವುದೇ ಅಭ್ಯಾಸ. ಬೇರೆ ಮನೆಗಳಲ್ಲಿ ಇದೇ ಕೆಲಸವನ್ನು ನಮಾಜಿನ ನಡುವಿನ ನಿಲುಗಡೆಯೋ, ಬುದ್ಧ ವಿಹಾರದಲ್ಲಿ ಕೂಡುವ ಅರ್ಧ ತಾಸೋ ಮಾಡೀತು. ಇರುವುದನ್ನು ಹಿಗ್ಗಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಹಗುರ.

ಇನ್ನು ರೊಟ್ಟಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಶುರು ಮಾಡಿದ, ಗಮನದ ಅಭ್ಯಾಸ ಕಲಿಸುವ ಎಂಟು ವಾರದ ಕಾರ್ಯಕ್ರಮದಲ್ಲಿ ಮೊದಲ ಪಾಠ ಒಂದು ಒಣದ್ರಾಕ್ಷಿಯನ್ನು ನಿಧಾನಕ್ಕೆ ತಿನ್ನುವುದು. ಕಲಬುರಗಿಯಲ್ಲಿ ದ್ರಾಕ್ಷಿ ಯಾಕೆ, ದಿನಾ ರಾತ್ರಿ ಒಲೆಯ ಮೇಲೆ ರೊಟ್ಟಿ ಇರುವಾಗ? ಟಿವಿ ಬಿಟ್ಟು ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು ಒಂದು ರೊಟ್ಟಿ ಆಗುವುದನ್ನು ಮೊದಲಿಂದ ಕೊನೆವರೆಗೆ ನೋಡುವುದು, ಇದು ಅಭ್ಯಾಸ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರಿನಲ್ಲಿ ಬೆಂದ ಹಿಟ್ಟಿನ ಅಂಟೇ ಅದನ್ನು ಹಿಡಿದಿಡಬೇಕು. ನಾದುವುದು ಕಡಿಮೆಯಾದರೆ ಅಂಚು ಒಡೆಯುತ್ತದೆ. ತಟ್ಟುವಾಗ ಸದ್ದು ಬದಲಾಗುತ್ತದೆ: ದಪ್ಪಗಿದ್ದಾಗ ಮಂದ, ತೆಳ್ಳಗಾದಂತೆ ಚಪ್ಪಾಳೆ. ಹಂಚಿಗೆ ಬಿದ್ದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯ ಒಂದು ಸವರು. ಆ ನೀರು ಅಂಚಿನಿಂದ ನಡುವಿನ ಕಡೆಗೆ ಆರುತ್ತ ಬರುವುದನ್ನು ನೋಡಬಹುದು. ಪೂರ್ತಿ ಆರುವ ತುಸು ಮೊದಲು ತಿರುವು. ಆಮೇಲೆ ಉಬ್ಬು.

"ಟಿವಿ ಬಿಟ್ಟು ಇಲ್ಲಿ ಕುಂತೀರಿ, ಏನಾತ್ರಿ?" ಎಂದು ಹೆಂಡತಿ ಮೊದಲ ದಿನ ಕೇಳಿದರು. ಇವರು, "ಮೂವತ್ತ್ ವರ್ಷಾತು, ನೀ ಎಡಗೈಲೆ ರೊಟ್ಟಿ ತಿರುಗಸ್ತಿ ಅಂತ ನೋಡೇ ಇರ್ಲಿಲ್ಲ" ಎಂದರು. ಆ ರೊಟ್ಟಿಯ ಮೊದಲ ಮೂರು ತುತ್ತು, ಪುಂಡಿ ಪಲ್ಯದ ಜೊತೆ, ಮಾತಿಲ್ಲದೆ. ಉಳಿದ ಊಟ ಎಂದಿನಂತೆ. ಇಡೀ ಊಟ ಮೌನವಾಗಿರಬೇಕು ಎಂದು ಹೊರಟರೆ ಮನೆಯವರು ಮುನಿಸೆಂದು ತಿಳಿಯುತ್ತಾರೆ.

ಮಧ್ಯಾಹ್ನದ ದನಿ ಏರುವುದಕ್ಕೆ ಬಂದ ಪರಿಹಾರದಲ್ಲಿ ಅಧ್ಯಾತ್ಮ ಏನೂ ಇಲ್ಲ: ಡಬ್ಬಿ ಮೂರರ ಬದಲು ಒಂದೂಕಾಲಕ್ಕೆ ಬಿಚ್ಚುವುದು.

ರಾತ್ರಿ ಒಂಬತ್ತರ ಫೋನು

ಮನಸ್ಸು ತಿಳಿಯಾದರೆ ತೀರ್ಮಾನವೂ ತಿಳಿಯಾಗುತ್ತದೆ ಎನ್ನುತ್ತಾರೆ. ಈ ಪ್ರಕರಣದಲ್ಲಿ ಅದನ್ನು ನೋಡುವ ಅವಕಾಶ ಒಂದೇ ಸಲ ಬಂತು, ಹತ್ತನೇ ವಾರದಲ್ಲಿ. ಗೋದಾಮಿನಲ್ಲಿ ಸ್ವಂತದ 200 ಚೀಲ ತೊಗರಿ ಇತ್ತು. ಪರಿಚಯದ ಖರೀದಿದಾರರೊಬ್ಬರು ರಾತ್ರಿ ಒಂಬತ್ತಕ್ಕೆ ಮುನೀಮನ ಮೂಲಕ ಬಟನ್ ಫೋನಿಗೆ ಬಂದರು. ದರ ಪೇಟೆಗಿಂತ ಮೇಲು, ದುಡ್ಡು 45 ದಿನಕ್ಕೆ, ಉತ್ತರ ಈಗಲೇ ಬೇಕು.

ನಾಲ್ಕನೇ ವಾರದಿಂದ ಒಂದು ನಿಯಮ ಹಾಳೆಯ ಮೇಲ್ತುದಿಯಲ್ಲಿ ಬರೆದಿತ್ತು: ಏಳರ ಮೇಲೆ ಕೇಳಿದ ದರಕ್ಕೆ ಬೆಳಗಿನ ಹತ್ತರ ತನಕ ಹೌದೂ ಇಲ್ಲ, ಅಲ್ಲವೂ ಇಲ್ಲ. "ನಾಳಿ ಹತ್ತಕ್ಕ ಹೇಳ್ತೀನ್ರೀ" ಎಂದರು. ಆಚೆ ಕಡೆಯವರು ಸಿಡಿಮಿಡಿಗೊಂಡರು. ಬೆಳಗ್ಗೆ ಉದ್ರಿಯ ಹಾಳೆ ನೋಡಿದಾಗ, ದೊಡ್ಡ ಬಾಕಿಯ ನಾಲ್ಕು ಹೆಸರುಗಳಲ್ಲಿ ಆ ಖರೀದಿದಾರರದೂ ಒಂದು. ಹದಿನೈದು ದಿನದ ವಾಯಿದೆ ಆದರೆ ಮಾಲು ಕೊಡುವೆ ಎಂದು ಸಾವ್ಕಾರ್ರು ಹೇಳಿದರು, ವ್ಯವಹಾರ ಮುರಿಯಿತು. ಆಮೇಲೆ ಮಾಲು ತುಸು ಕಡಿಮೆ ದರಕ್ಕೆ, ರೋಖ ಹಣಕ್ಕೆ ಹೋಯಿತು. ಇದು ಲಾಭವೋ ನಷ್ಟವೋ ಎಂದು ಗಂಜಿನಲ್ಲಿ ಎರಡು ಅಭಿಪ್ರಾಯ ಇದ್ದೇ ಇರುತ್ತದೆ. ನೋಡಬೇಕಾದ್ದು ಬೇರೆ: ಹಿಂದಾಗಿದ್ದರೆ ಆ ಹಾಳೆಯ ಸಂಗತಿ ನೆನಪಾಗುತ್ತಿದ್ದದ್ದು ಹೌದು ಅಂದ ಮೇಲೆ, ರಾತ್ರಿ ಮೂರೂವರೆಗೆ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಛಾವಣಿ ಕುಸಿದಾಗ ಅಶೋಕನ ಶಾಸನದ ಕಲ್ಲು ಹೊರಬಿತ್ತು. ಅದರಲ್ಲಿ ಪ್ರತ್ಯೇಕ ಶಾಸನಗಳೆಂದು ಕರೆಯುವ ಪಾಠದ ಭಾಗಗಳೂ ಇವೆ. ಒಡಿಶಾದ ಧೌಳಿಯಲ್ಲಿ ಉಳಿದಿರುವ ಅದೇ ಶಾಸನದಲ್ಲಿ ಅಶೋಕ ತನ್ನ ನ್ಯಾಯಾಧಿಕಾರಿಗಳಿಗೆ ತೀರ್ಪು ಕೆಡಿಸುವ ದೋಷಗಳ ಪಟ್ಟಿ ಕೊಡುತ್ತಾನೆ: ಅಸೂಯೆ, ಸಿಟ್ಟು, ನಿಷ್ಠುರತೆ, ಅವಸರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ಅವಸರ ಮತ್ತು ದಣಿವನ್ನು ಸಿಟ್ಟಿನ ಸಾಲಿನಲ್ಲೇ ಕೂರಿಸಿದ್ದು ಗಮನಿಸಬೇಕು. ರಾತ್ರಿ ಒಂಬತ್ತರ ಫೋನಿನಲ್ಲಿ ಎರಡೂ ಇರುತ್ತವೆ.

ಹನ್ನೆರಡನೇ ವಾರದ ಲೆಕ್ಕ

ಮತ್ತೆ ಏಳು ದಿನ ಅದೇ ಐದು ಸಾಲು. ನಿದ್ದೆ ಸರಾಸರಿ ಆರು ತಾಸು ಹತ್ತು ನಿಮಿಷ. ಫೋನು ದಿನಕ್ಕೆ 52 ಸಲ. ಚಾ 4. ದನಿ ಏರಿದ್ದು ವಾರಕ್ಕೆ ಎರಡು ಸಲ. ರಕ್ತದೊತ್ತಡ 138/86, ಗುಳಿಗೆ ಅದೇ, ಪ್ರಮಾಣ ಅದೇ. ಈ ಇಳಿತ ಪೂಜೆಯಿಂದಲೋ, ನಿದ್ದೆಯಿಂದಲೋ, ಚಾ ಕಡಿಮೆಯಾದದ್ದರಿಂದಲೋ ಎಂದು ಒಬ್ಬರ ಪ್ರಕರಣದಿಂದ ಬೇರ್ಪಡಿಸಿ ಹೇಳಲಾಗದು. ಗುಳಿಗೆ ಬಿಡಬಹುದೇ ಎಂದು ಅವರು ಕೇಳಿದ್ದು ಸಹಜ. ಆ ನಿರ್ಧಾರ ವೈದ್ಯರದು.

ಬದಲಾಗದೆ ಉಳಿದದ್ದೂ ಇದೆ. ಮಗನ ಜೊತೆ ಫೋನಿನಲ್ಲಿ ಐದನೇ ನಿಮಿಷಕ್ಕೆ ಅದೇ ವಾದ: ಊರಿಗೆ ಯಾವಾಗ ಬರ್ತಿ, ಅಂಗಡಿ ಯಾರು ನೋಡ್ತಾರ. ಇದಕ್ಕೆ ಫರ್ಸಿಯೂ ಸಾಲದು, ಉಸಿರೂ ಸಾಲದು. ಟಿವಿ ಊಟದ ಹೊತ್ತಿಗೆ ವಾರದಲ್ಲಿ ಮೂರು ದಿನ ವಾಪಸ್ ಬಂದಿದೆ, ಐಪಿಎಲ್ ಇದ್ದಾಗ ಏಳೂ ದಿನ. ಲಿಂಗಪೂಜೆ ಹನ್ನೆರಡರಿಂದ ಎಂಟು ನಿಮಿಷಕ್ಕೆ ಬಂದು ನಿಂತಿದೆ, ಅದನ್ನು ಏರಿಸುವ ಒತ್ತಾಯ ಮಾಡಿಲ್ಲ.

ಈ ಕ್ರಮ ಎಲ್ಲರಿಗೂ ಅಲ್ಲ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕೇ ಬೇಡ ಎನಿಸುವುದು, ಎದೆನೋವು, ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ಇವಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಫೋನು ಮಾಡಬಹುದು; ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸುಗ್ಗಿ

ಪರೀಕ್ಷೆ ಇರುವುದು ಡಿಸೆಂಬರಿನಲ್ಲಿ. ಆವಕದ ಮೂರು ತಿಂಗಳಲ್ಲಿ ಇದೆಲ್ಲ ನಡೆಯುವುದಿಲ್ಲ ಎಂದು ಒಪ್ಪಿಕೊಂಡು, ಏನನ್ನು ಬಿಡುವುದು ಎಂದು ಈಗಲೇ ಬರೆದಿಡಲಾಗಿದೆ. ದರ ಮೂರರ ಬದಲು ಆರು ಸಲ. ಚಾ ಆರು ಕಪ್‌ವರೆಗೆ, ಹೊತ್ತು ಮಾತ್ರ ಮಧ್ಯಾಹ್ನ ನಾಲ್ಕು ದಾಟುವಂತಿಲ್ಲ. ಸಂಜೆಯ ಚೀಟಿ ಹತ್ತರ ಬದಲು ಮೂರು ನಿಮಿಷ. ಬಿಡದೆ ಉಳಿಯುವವು ಮೂರು: ಬಟನ್ ಫೋನು, ಉದ್ರಿಯ ಹಾಳೆ, ಒಂದೂಕಾಲರ ಡಬ್ಬಿ.

ಎಳ್ಳಾಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬರುವುದು ಆ ಗದ್ದಲದ ಹೊತ್ತಿನಲ್ಲೇ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚೆರಗ ಚೆಲ್ಲಿ (ಎಡೆಯನ್ನು ಹೊಲದಲ್ಲಿ ಎರಚಿ), ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬರುವುದು ಹಳೆಯ ಪದ್ಧತಿ. ಹೋದ ವರ್ಷ ಸಾವ್ಕಾರ್ರು ಗಾಡಿಯಲ್ಲೇ ಕೂತು ಫೋನಿನಲ್ಲಿದ್ದರು. ಈ ವರ್ಷ ಬಟನ್ ಫೋನು ಹೆಂಡತಿಯ ಚೀಲದಲ್ಲಿರುತ್ತದೆ, ಮುನೀಮನಿಗೆ ಹೇಳಿಯಾಗಿದೆ: ಲಾರಿ ನಿಂತರೆ ಮಾತ್ರ.